ಎದೆ ಮೇಲಿನ ಬ್ಯಾಗು

ಬ್ಯಾಗನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಂಡಿದ್ದಾನೆ ಮುಂದೆ ನಿಂತವನು, ಹಿಂದಿನವರಿಗೆ ತಾಗಬಾರದೆಂದು ಮೆಟ್ರೋದಲ್ಲಿ ಈಗ ಎಲ್ಲರೂ ಹಾಗೇ ಮಾಡುತ್ತಾರೆ, ಕಪ್ಪು ಬ್ಯಾಗು, ಒಳಗೆ ಲ್ಯಾಪ್‌ಟಾಪು, ಊಟದ ಡಬ್ಬಿ, ಪಕ್ಕದ ಜೇಬಿನಲ್ಲಿ ಸ್ಟೀಲಿನ ನೀರಿನ ಬಾಟಲಿ, ಎಲ್ಲ ಸೇರಿ ಎದೆಯಿಂದ ಹೊಟ್ಟೆಯವರೆಗೆ ಜೋತುಬಿದ್ದಿದೆ, ಪಟ್ಟಿಗಳೆರಡೂ ಹೆಗಲನ್ನು ಕಚ್ಚಿಕೊಂಡಿವೆ, ಭಾರಕ್ಕೆ ಕತ್ತು ಮುಂದಕ್ಕೆ ಬಂದಿದೆ, ಬೆನ್ನು ಗೂನಾಗಿದೆ — ಇದೇ, ಇದನ್ನೇ ಅಲ್ಲವೇ ಇಷ್ಟು ವರ್ಷ ಯಾರಿಗೂ ಬಿಡಿಸಿ ಹೇಳಲಾಗದೆ ಒದ್ದಾಡಿದ್ದು ಅಂದುಕೊಂಡಳು ಜಯದೇವಿ, ಕಂಬಿ ಹಿಡಿದ ಕೈ ಬದಲಿಸುತ್ತ, ಎಡಗೈ ಜೋಮು ಹಿಡಿದಿತ್ತು, ಬಲಗೈಯಲ್ಲಿ ಹಿಡಿದರೆ ಬಲ ಹೆಗಲು ಉರಿಯುತ್ತದೆ, ಯಾವ ಕೈಯಾದರೇನು, ಕೆಂಗೇರಿಯಿಂದ ವಿಜಯನಗರಕ್ಕೆ ಬರುವಷ್ಟರಲ್ಲಿ ಎರಡೂ ಸರದಿಯ ಮೇಲೆ ಸಾಯುತ್ತವೆ. ಪಟ್ಟಣಗೆರೆ ಬಂತು, ಯಾರೋ ಎದ್ದರು, ಅವನಿಗೆ ಸೀಟು ಸಿಕ್ಕಿತು, ಕೂರುವ ಮೊದಲು ಪಟ್ಟಿಯಿಂದ ಒಂದು ತೋಳು ಬಿಡಿಸಿದ, ಇನ್ನೊಂದು ಬಿಡಿಸಿದ, ಬ್ಯಾಗನ್ನು ಕೆಳಗೆ ಎರಡು ಕಾಲುಗಳ ನಡುವೆ ಇಟ್ಟ, ಹೆಗಲು ಮೇಲೆತ್ತಿ ಹಿಂದಕ್ಕೆ ತಿರುಗಿಸಿ ಉಸ್ಸೆಂದ. ಇಟ್ಟುಬಿಟ್ಟ. ಅಷ್ಟೇ ಕೆಲಸ. ಹೊಟ್ಟೆಕಿಚ್ಚೆಂದರೆ ಹೊಟ್ಟೆಕಿಚ್ಚೇ ಆಯಿತು ಅವಳಿಗೆ, ಅವನ ವಯಸ್ಸಿಗಲ್ಲ, ಸೀಟಿಗೂ ಅಲ್ಲ, ಆ ಉಸ್ಸೆಂಬುದಕ್ಕೆ, ಹನ್ನೆರಡನೇ ವಯಸ್ಸಿನಿಂದ ಹೊತ್ತುಕೊಂಡು ತಿರುಗುತ್ತಿರುವ ತನಗೆ ಒಂದು ದಿನ, ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣದವರೆಗಾದರೂ, ಹಾಗೆ ಬಿಚ್ಚಿ ಕೆಳಗಿಡುವುದಕ್ಕೆ ಬಂದಿದ್ದರೆ. ನಗು ಬಂತು, ನಲವತ್ತೆರಡು ವರ್ಷದ ಕನ್ನಡ ಟೀಚರು ಮೆಟ್ರೋದಲ್ಲಿ ನಿಂತುಕೊಂಡು ಯೋಚಿಸುವ ವಿಷಯವೇ ಇದು.

ಇವತ್ತು ಸಂಜೆಯೊಳಗೆ ಹೇಳಿಬಿಡಿ ಮೇಡಂ ಅಂದಿದ್ದಳು ಆಸ್ಪತ್ರೆಯ ಹುಡುಗಿ, ಬೆಳಿಗ್ಗೆ ಪ್ರಾರ್ಥನೆಗೆ ಬೆಲ್ ಹೊಡೆಯುವ ಹೊತ್ತಿಗೇ ಫೋನ್ ಮಾಡಿ, ದಸರಾ ರಜೆಯಲ್ಲಿ ಆಪರೇಷನ್ ಡೇಟಿಗೆ ತುಂಬಾ ಜನ ಕೇಳ್ತಾ ಇದಾರೆ, ನೀವು ಹೋದ ಸಲ ಹೂಂ ಅಂದು ಆಮೇಲೆ ಬೇಡ ಅಂದ್ರಿ, ಈ ಸಲವೂ ಹಾಗೇ ಆದ್ರೆ ಡಾಕ್ಟರು ನನ್ನ ಬೈತಾರೆ. ಪಾಪ, ಅವಳು ಹೇಳುವುದರಲ್ಲಿ ತಪ್ಪೇನಿದೆ, ಬೇಸಿಗೆ ರಜೆಯಲ್ಲಿ ಹೂಂ ಅಂದವಳೂ ತಾನೇ, ಎರಡು ದಿನ ಬಿಟ್ಟು ಮನೆಯಲ್ಲಿ ಸ್ವಲ್ಪ ತೊಂದರೆ ಅಂತ ಬೇಡವೆಂದವಳೂ ತಾನೇ, ತೊಂದರೆ ಏನೂ ಇರಲಿಲ್ಲ, ಬೆನ್ನು ನೋಯುತ್ತಲೇ ಇತ್ತು, ಹೆದರಿಕೆಯಾಗಿತ್ತು ಅಷ್ಟೇ, ಹೆದರಿಕೆಗಿಂತ ನಾಚಿಕೆ ಹೆಚ್ಚು. ಈಗ ಮತ್ತೆ ದಸರಾ, ಈ ರಜೆ ತಪ್ಪಿದರೆ ಮುಂದಿನ ಬೇಸಿಗೆ, ಅಲ್ಲಿಗೆ ಹತ್ತನೇ ಕ್ಲಾಸಿನ ಪರೀಕ್ಷೆ, ಪೇಪರ್ ತಿದ್ದುವುದು, ಅದು ಮುಗಿದರೆ ಮಗಳು ವಚನಾಳೇ ಹತ್ತನೇ ಕ್ಲಾಸು, ಅದು ಮುಗಿದರೆ ಇನ್ನೊಂದು, ಹೀಗೇ ತಳ್ಳುತ್ತ ತಳ್ಳುತ್ತ ಬೆನ್ನುಮೂಳೆಯೇ ಒಂದು ದಿನ ಕೈಯೆತ್ತಿಬಿಡುತ್ತದೆ. ಆಂಟಿ ಕೂತ್ಕೊಳಿ, ಯಾರೋ ಹುಡುಗಿ ಎದ್ದು ಜಾಗ ಕೊಟ್ಟಳು, ಬೇಡಮ್ಮ ಅನ್ನಬೇಕಿತ್ತು, ಅನ್ನಲಿಲ್ಲ, ಕೂತಳು, ಹ್ಯಾಂಡ್‌ಬ್ಯಾಗನ್ನು ತೊಡೆಯ ಮೇಲೆ ನಿಲ್ಲಿಸಿ, ಸೆರಗು ಸರಿಮಾಡುವ ನೆಪದಲ್ಲಿ ಎದೆಯ ಭಾರವನ್ನು ಮೆಲ್ಲಗೆ ಅದರ ಮೇಲಕ್ಕೆ ಬಿಟ್ಟಳು, ಇದು ಅವಳ ಹಳೆಯ ಉಪಾಯ, ಸ್ಟಾಫ್ ರೂಮಿನಲ್ಲಾದರೆ ಮೇಜಿನ ಅಂಚು, ಅಡುಗೆಮನೆಯಲ್ಲಾದರೆ ಕಟ್ಟೆ, ಬ್ಯಾಂಕಿನಲ್ಲಾದರೆ ಕೌಂಟರು, ಎಲ್ಲಿ ಒಂದು ಅಂಚು ಕಂಡರೂ ಯಾರೂ ನೋಡದಾಗ ಒಂದು ಗಳಿಗೆ ಭಾರವನ್ನು ಅದಕ್ಕೆ ದಾಟಿಸುವುದು, ಕತ್ತಿನಲ್ಲಿ ಒಂದು ನರ ಸಡಿಲವಾಗಿ ಕಿವಿಯ ಹಿಂದೆ ಬಿಸಿ ಇಳಿಯುತ್ತದೆ ಆಗ, ಕಣ್ಣು ತಾನಾಗಿ ಮುಚ್ಚುತ್ತದೆ. ಬೋರ್ಡಿನ ಮುಂದೆ ಮಾತ್ರ ಯಾವ ಅಂಚೂ ಇಲ್ಲ, ಕೈ ಮೇಲೆತ್ತಿ ಬರೆಯಬೇಕು, ಎರಡು ಸಾಲು ಬರೆಯುವಷ್ಟರಲ್ಲಿ ಭುಜದ ಮೂಳೆಗಳ ನಡುವೆ ಯಾರೋ ಕಾದ ಸೌಟಿನ ಹಿಡಿ ಇಟ್ಟ ಹಾಗೆ, ಆದ್ದರಿಂದ ಈ ವರ್ಷ ಮಕ್ಕಳನ್ನೇ ಕರೆದು ಬರೆಸುತ್ತಾಳೆ, ಮಕ್ಕಳ ಕೈಬರಹ ಸುಧಾರಿಸಲಿ ಅಂತ ಹೆಡ್‌ಮಾಸ್ಟರು ದೇವೇಂದ್ರಪ್ಪನವರಿಗೆ ಹೇಳಿದ್ದು, ಅವರು ಅದನ್ನು ಮೀಟಿಂಗಿನಲ್ಲಿ ಹೊಗಳಿ, ಉಳಿದ ಟೀಚರುಗಳೂ ಜಯದೇವಿ ಮೇಡಂನ ನೋಡಿ ಕಲೀಬೇಕು ಅಂದುಬಿಟ್ಟರು. ಅವತ್ತು ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಏನೇನು ಮಾಡಿಲ್ಲ, ಎಣ್ಣೆ ತಿಕ್ಕಿಸಿದ್ದಾಯಿತು, ಬಿಸಿನೀರಿನ ಚೀಲ, ನಡುಪಟ್ಟಿ, ಯೋಗದ ಕ್ಲಾಸು, ಆ ಕ್ಲಾಸಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಎದೆ ಎತ್ತಿ ಅಂದರು, ಮಲಗುವುದೆಲ್ಲಿ, ಅವಳು ಹೊಟ್ಟೆಯ ಮೇಲೆ ಮಲಗಿ ಎಷ್ಟು ಕಾಲವಾಯಿತೋ, ಫಿಸಿಯೋಥೆರಪಿಯ ಯಶ್ವಂತ್ ಒಳ್ಳೆಯ ಹುಡುಗ, ಬೆನ್ನು ನೆಟ್ಟಗೆ ಇಟ್ಕೊಳಿ ಮೇಡಂ, ನೀವು ಬಗ್ಗಿ ನಿಲ್ತೀರಿ, ಅದೇ ಪ್ರಾಬ್ಲಮ್ಮು, ಅಂತ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದ, ಯಾಕೆ ಬಗ್ಗಿ ನಿಲ್ಲುತ್ತಾಳೆಂದು ಅವನಿಗೆ ಗೊತ್ತಿಲ್ಲದೆ ಇಲ್ಲ, ಇಬ್ಬರೂ ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರ ನೋಡುತ್ತ ನಿಂತಿರುತ್ತಿದ್ದರು. ಬಗ್ಗಿ ನಡೀ ಬೇ, ಅದು ಅವ್ವನ ದನಿ, ರಾಣೆಬೆನ್ನೂರಿನ ಮನೆಯ ಪಡಸಾಲೆಯಿಂದ ಇವತ್ತಿಗೂ ಬರುತ್ತದೆ, ಓಣ್ಯಾಗ ಎದಿ ಸೆಟಿಸಿಕೊಂಡು ನಡೀತಿಯಲ್ಲ, ನಾಲ್ಕು ಮಂದಿ ನೋಡ್ತಾರ, ಪುಸ್ತಕ ಎದಿಗೆ ಹಿಡಕೋ, ಹಾಂ, ಹಂಗ. ಆರನೇ ಕ್ಲಾಸಿನಲ್ಲಿ ಕ್ಲಾಸಿಗೇ ಎತ್ತರದ ಹುಡುಗಿ ಅವಳು, ಓಡುವುದರಲ್ಲಿ ಯಾರಿಗೂ ಸಿಗುತ್ತಿರಲಿಲ್ಲ, ಏಳನೆಯದಕ್ಕೆ ಬರುವಷ್ಟರಲ್ಲಿ ಮೈ ಯಾರನ್ನೂ ಕೇಳದೆ ಮುಂದೆ ಓಡಿಬಿಟ್ಟಿತು, ಅವ್ವ ಹಳೆಯ ಕೋರಾ ಬಟ್ಟೆಯಲ್ಲಿ ಬಿಗಿಯಾದ ಬಾಡಿ ಹೊಲಿದಳು, ಪಕ್ಕದಲ್ಲಿ ಹೊಲಿಗೆಯ ಮೇಲೆ ಹೊಲಿಗೆ, ಉಸಿರೆಳೆದರೆ ಪಕ್ಕೆ ಚುಚ್ಚುವಂಥದ್ದು, ಪ್ರೀತಿಯಿಂದಲೇ ಹೊಲಿದಳು, ಅದರಲ್ಲಿ ಅನುಮಾನವಿಲ್ಲ, ಕಣ್ಣಿಗೆ ಬೀಳದಿರುವುದೇ ಹೆಣ್ಣುಮಕ್ಕಳಿಗೆ ಸುಖ ಎಂದು ಅವ್ವ ಶಾಂತವ್ವ ನಂಬಿದವಳು. ಅಲ್ಲಿಂದ ಶುರುವಾದದ್ದು, ಹೈಸ್ಕೂಲು, ಕಾಲೇಜು, ಬಿ.ಎಡ್., ಎಲ್ಲ ಎದೆಗೆ ಅಪ್ಪಿದ ಪುಸ್ತಕಗಳ ಹಿಂದೆಯೇ ಮುಗಿಯಿತು, ಓದಿನ ಮೇಲೆ ಏನು ಪ್ರೀತಿ ನೋಡ್ರಿ ಈ ಹುಡುಗಿಗೆ ಅನ್ನುತ್ತಿದ್ದರು ಊರಿನವರು. ಮದುವೆಯ ಆಲ್ಬಮ್ ತೆಗೆದು ನೋಡಿದರೆ ಅಲ್ಲೂ ಹಾಗೇ, ಕೈಯಲ್ಲಿ ಏನಾದರೊಂದು, ತಟ್ಟೆ, ಹೂಬುಟ್ಟಿ, ಯಾರದೋ ಕೂಸು, ವಚನಾ ಹುಟ್ಟಿದ ಮೇಲಂತೂ ನಾಲ್ಕೈದು ವರ್ಷ ಫೋಟೋದ ಚಿಂತೆಯೇ ಇರಲಿಲ್ಲ, ಮಗಳನ್ನು ಎತ್ತಿಕೊಂಡು ನಿಂತರಾಯಿತು, ಎಲ್ಲ ಫೋಟೋದಲ್ಲೂ ಮಗಳು ಮುಂದೆ, ತಾನು ಹಿಂದೆ. ಅವಳು ದೊಡ್ಡವಳಾಗಿ ಕೆಳಗಿಳಿದ ಮೇಲೆ ಜಯದೇವಿ ಫೋಟೋ ತೆಗೆಯುವವಳಾದಳು.

ಜ್ಞಾನಭಾರತಿಯಲ್ಲಿ ಕಾಲೇಜು ಮಕ್ಕಳು ಹತ್ತಿದರು, ನಗು, ಮೊಬೈಲು, ಮತ್ತಷ್ಟು ಎದೆಗೆ ಹಾಕಿಕೊಂಡ ಬ್ಯಾಗುಗಳು, ಎಲ್ಲ ಬಿಚ್ಚಿಡಲು ಬರುವಂಥವು. ಕೊಟ್ರೇಶ್ ಒಳ್ಳೆಯ ಗಂಡ, ಇದನ್ನು ಅವಳು ಯಾರ ಮುಂದಾದರೂ ಹೇಳುತ್ತಾಳೆ, ವಿದ್ಯುತ್ ಕಚೇರಿಯಿಂದ ಬರುವಾಗ ತರಕಾರಿ ತರುತ್ತಾನೆ, ದನಿ ಎತ್ತಿದವನಲ್ಲ, ಬೆನ್ನಿಗೆ ಮುಲಾಮು ಹಚ್ಚು ಅಂದರೆ ಟೀವಿಯ ಮ್ಯಾಚು ಬಿಟ್ಟು ಬಂದು ಹಚ್ಚುತ್ತಾನೆ, ಆದರೆ ಎದೆಯ ಭಾರ ಕಡಿಮೆ ಮಾಡುವ ಆಪರೇಷನ್ನಿನ ಬಗ್ಗೆ ಆಸ್ಪತ್ರೆಯ ಡಾಕ್ಟರ್ ಮಾಲವಿಕಾ ಹೇಳಿದ್ದನ್ನು ಇವಳು ಬಂದು ಹೇಳಿದಾಗ ಮುಲಾಮಿನ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ, ತಿರುಗಿಸಿ, ತೆಗೆದು, ಮತ್ತೆ ಹಾಕಿ, ಅಲ್ಲಾ, ಅಷ್ಟು ದೂರ ಹೋಗಬೇಕಾ, ತೂಕ ಇಳಿಸಿದರೆ ಆಗಲ್ವಾ ಅಂದ. ತೂಕ ಇಳಿಸಿದ್ದಳು, ಕೆನ್ನೆ ಇಳಿಯಿತು, ಕೈಯ ಬಳೆ ಸಡಿಲವಾಯಿತು, ಕುರುಬರಹಳ್ಳಿಯ ಟೈಲರ್ ವೆಂಕಟಲಕ್ಷ್ಮಮ್ಮ ಬ್ಲೌಸಿನ ಸೊಂಟದಲ್ಲಿ ಹಿಡಿದು ಹೊಲಿದರು, ಎದೆಯ ಅಳತೆ ಮಾತ್ರ ಮೊದಲಿನದೇ ಇರಲಿ ಬಿಡಿ ಮೇಡಂ ಅಂದರು, ಸುಮ್ಮನೆ, ಬೇರೇನೂ ಮನಸ್ಸಿನಲ್ಲಿಟ್ಟುಕೊಳ್ಳದೆ. ಅದನ್ನು ಹೇಳಿದಳು ಗಂಡನಿಗೆ. ಆಯ್ತು, ನಿನ್ನಿಷ್ಟ, ಅಂದ ಕೊಟ್ರೇಶ್, ನಿನ್ನಿಷ್ಟ ಎಂಬ ಮಾತಿನಲ್ಲಿ ಎಷ್ಟು ಬಗೆಯಿದೆಯೆಂದು ಹತ್ತೊಂಬತ್ತು ವರ್ಷ ಸಂಸಾರ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ, ಅವನ ಕಣ್ಣು ಅವಳ ಮುಖದಿಂದ ಕೆಳಗೆ ಬಂದು, ಬಂದದ್ದಕ್ಕೆ ತಾನೇ ಮುಜುಗರಪಟ್ಟು ಡಬ್ಬಿಯ ಕಡೆ ಹೋಯಿತು, ಆಸೆಯೂ ಅಲ್ಲ ಅದು, ತನ್ನದು ಅಂದುಕೊಂಡಿದ್ದ ಯಾವುದನ್ನೋ ಯಾರೋ ಕೇಳದೆ ಸಾಗಿಸುತ್ತಿರುವಾಗ ಆಗುವ ಸಂಕಟ. ಕೋಪ ಬಂದಿತ್ತು ಅವಳಿಗೆ, ನೋವು ನಂದು, ಹೊತ್ತಿದ್ದು ನಾನು, ಆದರೆ ಕೋಪಕ್ಕೂ ಬೆನ್ನು ಗಟ್ಟಿಯಿರಬೇಕು, ಸಾಕಾಗಿತ್ತು, ದಿಂಬು ಬೆನ್ನಿಗೆ ಕೊಟ್ಟು ಗೋಡೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವನೇ ಮುಲಾಮು ಹಚ್ಚಿದ.

ಅವ್ವನದು ಇನ್ನೊಂದು ರಗಳೆ. ಅಪ್ಪ ತೀರಿಕೊಂಡ ಮೇಲೆ ಶ್ರೀಗಂಧದ ಕಾವಲಿನ ಮನೆಯಲ್ಲಿ ಇವರ ಜೊತೆಯೇ ಇದ್ದಾಳೆ ಶಾಂತವ್ವ, ಕಿವಿ ಅರ್ಧ ಕೇಳುತ್ತದೆ, ಬೇಕಾದ್ದು ಮಾತ್ರ ಪೂರ್ತಿ ಕೇಳುತ್ತದೆ, ಫೋನಿನಲ್ಲಿ ಎದೆ, ಆಪರೇಷನ್ ಎಂಬ ಎರಡು ಶಬ್ದ ಕಿವಿಗೆ ಬಿತ್ತು, ಬಂದು ಮಗಳ ಮುಂದೆ ನಿಂತಳು, ಕ್ಯಾನ್ಸರ್ ಏನು, ಮುಚ್ಚಿಡಬ್ಯಾಡ ಹೇಳು ಅಂದಳು. ಇವಳು ಉತ್ತರ ಕೊಡುವಷ್ಟರಲ್ಲಿ, ತಗಸಿಬಿಡು ಯವ್ವಾ, ಎರಡೂ ತಗಸಿಬಿಡು, ಜೀವ ಇದ್ದರ ಎಲ್ಲಾ, ನಾ ಅದೀನಿ ಅಂತ ಕೈಹಿಡಿದಳು, ಎಂಥ ಧೈರ್ಯ, ಬಗ್ಗಿ ನಡಿ ಅಂದ ಅದೇ ಬಾಯಿ. ಅಷ್ಟೇ ಅಲ್ಲ, ಮಾರನೆಯ ದಿನ ಮಧ್ಯಾಹ್ನ ಕನ್ನಡಕ ಏರಿಸಿ ಕೂತು ಬಿಳಿಯ ಮೆತ್ತನೆ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದಳು, ಮಡಿಸಿ ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕ ಇಟ್ಟಳು, ಯಾಕೆಂದು ಕೇಳಬೇಕಿರಲಿಲ್ಲ, ವಚನಾ ಹುಟ್ಟಿದಾಗಿನ ಕಥೆ ಗೊತ್ತಿದ್ದವರಿಗೆ ಗೊತ್ತು. ಅವತ್ತು ದಾವಣಗೆರೆಯ ಆಸ್ಪತ್ರೆಯಲ್ಲಿ ಸಿಸೇರಿಯನ್ನಿಗೆ ಒಳಗೆ ಕರೆದೊಯ್ಯುವಾಗ ಮೈಮೇಲಿನದೆಲ್ಲ ತೆಗೆಯಿರಿ ಅಂದಳು ನರ್ಸು, ಬಳೆ, ಓಲೆ, ತಾಳಿ ತೆಗೆದುಕೊಟ್ಟಾಯಿತು, ಕೊರಳಲ್ಲಿದ್ದ ಇಷ್ಟಲಿಂಗ ಉಳಿಯಿತು, ಅದನ್ನಿಟ್ಟ ಬೆಳ್ಳಿಯ ಕರಡಿಗೆ, ಕಟ್ಟಿಕೊಳ್ಳುವ ಶಿವದಾರ, ಅದನ್ನು ಮೈಯಿಂದ ಬೇರೆ ಮಾಡಬಾರದು, ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರದು, ಆದರೆ ಬಿಡುವವರು ಯಾರು, ಕೊನೆಗೆ ಅವ್ವ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದು ಬಾಗಿಲ ಮುಂದೆ ಕೂತಳು, ನಿನ್ನ ಮೈಮ್ಯಾಲೆ ಲಿಂಗ ಬರೋತನಕ ನಾ ನೀರು ಮುಟ್ಟೋದಿಲ್ಲ ಅಂತ. ಮುಟ್ಟಲೂ ಇಲ್ಲ, ಮಗಳಿಗೆ ಅರಿವಳಿಕೆ ಇಳಿದು ಕಣ್ಣುಬಿಟ್ಟಾಗ ಮೊದಲು ಕಂಡದ್ದು ಕೂಸಲ್ಲ, ಒಣಗಿದ ತುಟಿಯ ಅವ್ವ ಆ ಗಂಟು ಬಿಚ್ಚುತ್ತಿದ್ದುದು.

ಕ್ಯಾನ್ಸರಲ್ಲ ಅವ್ವಾ, ಏನೂ ಇಲ್ಲ, ಭಾರಕ್ಕೆ ಬೆನ್ನು ನೋಯ್ತದಲ್ಲ, ಅದಕ್ಕ ಸ್ವಲ್ಪ ಕಡಿಮಿ ಮಾಡಸೋದು ಅಂತ ಬಿಡಿಸಿ ಹೇಳಿದ ಮೇಲೆ ಮುಗಿಯಿತು, ಅವ್ವನ ಮುಖ ಗಡಿಗೆಯ ಹಾಗೆ ಊದಿತು. ರೋಗ ಇಲ್ಲದ ಮೈಗೆ ಯಾಕ ಕತ್ತಿ ಹಾಕಸ್ತಿ, ದೇವರು ಕೊಟ್ಟಿದ್ದು ಹೆಚ್ಚಾತೇನು ನಿನಗ, ನಮ್ಮ ಕಡೀ ಹೆಣ್ಮಕ್ಕಳು ಹೊತ್ತಿಲ್ಲೇನು, ನಿಮ್ಮಜ್ಜಿ ಹೊತ್ತಿಲ್ಲೇನು, ನಾ ಹೊತ್ತಿಲ್ಲೇನು. ಹೊತ್ತಿದ್ದಾಳೆ ನಿಜ, ಅದಕ್ಕೇ ಇವತ್ತು ಗೋಡೆ ಹಿಡಿದು ನಡೆಯುತ್ತಾಳೆ, ಬೆನ್ನು ಬಿಲ್ಲಾಗಿದೆ, ಎದೆ ನಡುವಿಗೆ ಇಳಿದಿದೆ, ಕೆಳಗೆ ಬೇಸಿಗೆಯಲ್ಲಿ ಬೆವರಿ ಬಿರಿಯುತ್ತದೆ, ಸ್ನಾನವಾದ ಮೇಲೆ ಬಾಗಿಲು ಹಾಕಿಕೊಂಡು ಪೌಡರ್ ಹಚ್ಚಿಕೊಳ್ಳುತ್ತಾಳೆ, ಮಗಳಿಗೆ ಕಾಣದು ಅಂದುಕೊಂಡಿದ್ದಾಳೆ. ನೀ ಲಿಂಗ ತಗದಿಟ್ಟಿಯಲ್ಲ, ಅವತ್ತಿನಿಂದ ಬೆನ್ನು ಹಿಡಕೊಂಡೈತಿ, ಅದನ್ನೂ ಅಂದಳು, ಅದು ಚುಚ್ಚಿತು, ಯಾಕೆಂದರೆ ಹೌದು, ಎರಡು ವರ್ಷದ ಹಿಂದೆ ತೆಗೆದಿಟ್ಟಿದ್ದಳು ಜಯದೇವಿ, ಕತ್ತಿನ ನೋವಿಗೆ ಆ ಕರಡಿಗೆಯ ತೂಕವೇ ಕಾರಣವಿರಬೇಕೆಂದು ತನಗೆ ತಾನೇ ಹೇಳಿಕೊಂಡು, ಬೆಳಗಿನ ಪೂಜೆಗಷ್ಟೇ ಅಂಗೈಗೆ ತೆಗೆದುಕೊಂಡು ಮತ್ತೆ ಜಗಲಿಗೆ, ಒಂದು ಬೆರಳಿನಷ್ಟು ಬೆಳ್ಳಿ, ಒಂದು ಮೊಳ ದಾರ, ಅದರ ಮೇಲೆ ಹಾಕಿದಳು ತಪ್ಪನ್ನೆಲ್ಲ, ದಿನವಿಡೀ ಹೊತ್ತು ತಿರುಗುವ ಭಾರದ ಹೆಸರು ಎತ್ತುವುದಕ್ಕೆ ನಾಚಿಕೆಪಟ್ಟು ದೇವರನ್ನು ಕೆಳಗಿಳಿಸಿದಳು. ನೋವು ಅಂಗುಲವೂ ಸರಿಯಲಿಲ್ಲ, ಆದರೂ ಮತ್ತೆ ಹಾಕಿಕೊಳ್ಳಲಿಲ್ಲ, ಹಾಕಿಕೊಂಡರೆ ತಪ್ಪೊಪ್ಪಿಕೊಂಡ ಹಾಗಾಗುತ್ತಿತ್ತು. ರೋಗವಾದರೆ ಕತ್ತರಿಸಬಹುದು, ಸುಖಕ್ಕಾದರೆ ಕೂಡದು, ಇದೆಂಥ ಲೆಕ್ಕ, ನೋಯದೆ ನಿಲ್ಲಬೇಕು ಅನ್ನುವುದೂ ಸುಖದ ಖಾತೆಗೇ ಹೋಯಿತಲ್ಲ. ಅವ್ವ ಮಾತು ಬಿಟ್ಟಳು, ಆ ಬಿಳಿ ಚೀಲ ಮಾತ್ರ ಜಗಲಿಯ ಮೇಲೆ ಹಾಗೇ ಇತ್ತು.

ನಾಯಂಡಹಳ್ಳಿ, ಕೆಳಗೆ ಮೈಸೂರು ರಸ್ತೆಯಲ್ಲಿ ಬಸ್ಸು ಲಾರಿಗಳು ಕದಲದೆ ನಿಂತಿವೆ, ಇವಳೂ ಹಾಗೇ ನಿಂತಿದ್ದಾಳೆ ಆರು ತಿಂಗಳಿಂದ. ಡಾಕ್ಟರ್ ಮಾಲವಿಕಾ ಕಾಗದದ ಮೇಲೆ ಬರೆದು ತೋರಿಸಿದ್ದರು, ಇಲ್ಲಿಂದ ಇಲ್ಲಿಗೆ ಗೆರೆ, ಸುತ್ತ ಒಂದು ಗೆರೆ, ಕೆಳಗೆ ಒಂದು ಗೆರೆ, ಗಾಯದ ಗುರುತು ಪೂರ್ತಿ ಹೋಗಲ್ಲ, ಸುಳ್ಳು ಹೇಳಲ್ಲ ನಾನು, ಸ್ಪರ್ಶ ಕಡಿಮೆಯಾಗಬಹುದು, ಮೊದಲ ವಾರ ಕಷ್ಟ, ಕೈ ಮೇಲೆತ್ತೋ ಹಾಗಿಲ್ಲ, ಆದ್ರೆ ಒಂದು ಹೇಳ್ತೀನಿ, ಹೆಚ್ಚಿನವರು ಆಮೇಲೆ ಬಂದು ನಾನ್ಯಾಕೆ ಇಷ್ಟು ದಿನ ಕಾದೆ ಅಂತಾರೆ. ಎಷ್ಟು ಸಲೀಸಾಗಿ ಹೇಳಿದರು, ಹಲ್ಲು ಕೀಳುವ ಮಾತಿನ ಹಾಗೆ, ಅದೇ ಅವಳಿಗೆ ಹಿಡಿಸಿದ್ದು, ಅದೇ ಹೆದರಿಸಿದ್ದು. ಮನೆಗೆ ಬಂದು ಬಚ್ಚಲಿನಲ್ಲಿ ಕನ್ನಡಿಯ ಮುಂದೆ ನಿಂತಿದ್ದಳು, ಹಾಗೆ ನಿಂತು ನೋಡಿದ್ದು ಯಾವ ಕಾಲಕ್ಕೋ, ಯಾವಾಗಲೂ ಕತ್ತಿನಿಂದ ಮೇಲಕ್ಕೆ ಮಾತ್ರ ಅವಳ ಕನ್ನಡಿ, ನೋಡಿದರೆ ದ್ವೇಷ ಬರಲಿಲ್ಲ, ಪಾಪ ಅನ್ನಿಸಿತು, ಇವೂ ತನ್ನವೇ, ಇವನ್ನೇ ಹನ್ನೊಂದು ತಿಂಗಳು ವಚನಾ ಬಿಡದೆ ಹಿಡಿದದ್ದು, ಪುಟ್ಟ ಅಂಗೈಯಿಂದ ತಟ್ಟುತ್ತ ಕುಡಿಯುತ್ತಿದ್ದಳು, ಬೈಗುಳವನ್ನೇ ಕೇಳಿ ಬೆಳೆದ ಈ ಎರಡು ಜೀವಗಳಿಗೆ ಆಗ ಒಂದಷ್ಟು ದಿನ ಮರ್ಯಾದೆ ಸಿಕ್ಕಿತ್ತು. ಅಳು ಬಂತು, ಅಳುವುದಕ್ಕೆ ಬಗ್ಗಿದರೆ ಬೆನ್ನು ಹಿಡಿಯಿತು, ಅತ್ತದ್ದೂ ಅರ್ಧಕ್ಕೇ ನಿಂತಿತು. ಹೆಗಲ ಮೇಲೆ ಪಟ್ಟಿ ಕೂತು ಕೂತು ಆದ ಕುಳಿಗಳು, ಎರಡು ಕಡೆಯೂ, ಬೆರಳಿಟ್ಟರೆ ಬೆರಳು ಕೂರುತ್ತದೆ, ಮೂರು ವರ್ಷದವಳಿದ್ದಾಗ ಸ್ನಾನ ಮಾಡಿಸುವಾಗ ವಚನಾ ಚೊಂಬಿನಿಂದ ಅದರ ಮೇಲೆ ನೀರು ಸುರಿದು, ಅಮ್ಮಾ ಇಲ್ಲಿ ನೀರು ನಿಲ್ಲುತ್ತೆ, ನೋಡು ನೋಡು, ಕೆರೆ, ಅಂತ ಚಪ್ಪಾಳೆ ಹೊಡೆದಿದ್ದಳು.

ಅದೇ ವಚನಾ ಈಗ ಒಂಬತ್ತನೇ ಕ್ಲಾಸು. ಹೋದ ವರ್ಷ ಶಾಲೆಯ ಥ್ರೋಬಾಲ್ ಟೀಮಿನಲ್ಲಿದ್ದಳು, ಈ ವರ್ಷ ಬಿಟ್ಟಳು, ಯಾಕೇ ಅಂದರೆ ಇಂಟ್ರೆಸ್ಟ್ ಇಲ್ಲ ಅಂದಳು, ಬಿಸಿಲಿನಲ್ಲೂ ಸ್ವೆಟರು ಹಾಕುತ್ತಾಳೆ, ಟೀ ಶರ್ಟು ಅವಳಪ್ಪನಿಗೆ ಆಗುವಷ್ಟು ದೊಡ್ಡದು ಬೇಕು, ಇದು ಕಾಣಲಿಲ್ಲವೇ ಜಯದೇವಿಗೆ, ಕಂಡಿತು, ಕಂಡು ಏನು ಮಾಡಿದಳು, ವೇಲ್ ಸರಿಯಾಗಿ ಹಾಕ್ಕೋ ಅಂದಳು, ಅಷ್ಟು ಜೋರಾಗಿ ಓಡಬೇಡ ಮೆಟ್ಟಿಲ ಮೇಲೆ ಅಂದಳು, ಬಗ್ಗಿ ನಡಿ ಅನ್ನಲಿಲ್ಲವೆಂದು ತನಗೆ ತಾನೇ ಶಹಭಾಸ್ ಕೊಟ್ಟುಕೊಂಡಳು, ಅನ್ನುವ ಅಗತ್ಯವಿರಲಿಲ್ಲ, ಹದಿನಾಲ್ಕು ವರ್ಷ ಕಣ್ಣ ಮುಂದೆ ಬಗ್ಗಿ ನಡೆದು ತೋರಿಸಿಯಾಗಿತ್ತು. ಈ ಭಾನುವಾರ ಎಣ್ಣೆ ಹಚ್ಚಿ ಜಡೆ ಹಾಕುವಾಗ, ಬೆನ್ನು ಕೊಟ್ಟು ಕೂತಿದ್ದ ಹುಡುಗಿ, ತಿರುಗದೆಯೇ, ಅಮ್ಮಾ, ನಂಗೂ ಹಿಂಗೇ ಆಗುತ್ತಾ ಅಂದಳು. ಏನು ಹಿಂಗೆ. ನಿಂಗೆ ಆಗಿರೋ ಹಂಗೆ. ಬಾಚಣಿಗೆ ನಿಂತಿತು. ತಲೆ ಅಲ್ಲಾಡಿಸಬೇಡ, ಬೈತಲೆ ಸೊಟ್ಟ ಆಗುತ್ತೆ, ಅಂದಳು ಜಯದೇವಿ, ದಿನಕ್ಕೆ ನೂರೈವತ್ತು ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವವಳು. ಆಪರೇಷನ್ನಿನ ಮಾತು ವಚನಾಳ ಕಿವಿಗೆ ಬೀಳದ ಹಾಗೆ ಎಲ್ಲರೂ ಪಿಸುಗುಟ್ಟುತ್ತಲೇ ಉಳಿದರು.

ಅತ್ತಿಗುಪ್ಪೆ, ಇನ್ನೊಂದೇ ನಿಲ್ದಾಣ, ಕಪ್ಪು ಬ್ಯಾಗಿನವನು ಇನ್ನೂ ಕೂತಿದ್ದಾನೆ, ಬ್ಯಾಗು ಕಾಲ ನಡುವೆ, ನಿದ್ದೆ ಹತ್ತಿದೆ ಅವನಿಗೆ, ಎಂಥ ನಿದ್ದೆ. ಫೋನು ಮಾಡುವುದೋ ಬೇಡವೋ, ಬೇಡವೆಂದಾದರೂ ಹೇಳಿಬಿಟ್ಟರೆ ಮುಗಿಯಿತು, ಆ ಹುಡುಗಿಗೂ ಬೈಗುಳ ತಪ್ಪುತ್ತದೆ, ಅವ್ವ ಮಾತಾಡುತ್ತಾಳೆ, ಕೊಟ್ರೇಶ್ ಮುಲಾಮು ಹಚ್ಚುತ್ತಾನೆ, ಇಷ್ಟು ವರ್ಷ ಹೊತ್ತವಳಿಗೆ ಇನ್ನಿಷ್ಟು ವರ್ಷವೇನು, ಹೌದು ಬೇಡ ಅಂದುಬಿಡೋಣ, ಎಂದು ಹ್ಯಾಂಡ್‌ಬ್ಯಾಗಿಗೆ ಕೈ ಹಾಕಿದಳು, ಫೋನಿಗೆ ತಡಕಾಡಿದರೆ ಡಬ್ಬಿಯ ಕೆಳಗೆ ಮೆತ್ತಗಿನದೇನೋ ಸಿಕ್ಕಿತು, ಹೊರಗೆಳೆದಳು, ಬಿಳಿಯ ಚೀಲ, ಅವ್ವ ಹೊಲಿದದ್ದು, ಖಾಲಿ, ಹತ್ತಿಯ ದಾರಕ್ಕೆ ಹೊಸದಾಗಿ ಗಂಟು ಹಾಕಿದೆ, ವಿಭೂತಿಯ ವಾಸನೆ. ಬೆಳಿಗ್ಗೆ ಡಬ್ಬಿ ಕಟ್ಟುವಾಗ ಇಟ್ಟಿದ್ದಾಳೆ, ತಿಂಗಳಿಂದ ಮಾತು ಬಿಟ್ಟವಳು. ಜಯದೇವಿ ಮಧ್ಯಾಹ್ನದ ಊಟವನ್ನೂ ಬಿಟ್ಟು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದಿದ್ದರಿಂದ ಡಬ್ಬಿ ತೆಗೆದಿರಲಿಲ್ಲ, ಇದು ಬೆಳಗಿನಿಂದ ಅದರ ಕೆಳಗೇ ಇತ್ತು. ಸಕ್ಕರೆ ಕಾಯಿಲೆಯವಳು ಅವ್ವ, ಎಪ್ಪತ್ತು ದಾಟಿದವಳು, ಅವತ್ತಿನ ಹಾಗೇ ಲಿಂಗವನ್ನು ಇದರಲ್ಲಿ ಹಿಡಿದು ನೀರೂ ಮುಟ್ಟದೆ ಬಾಗಿಲ ಮುಂದೆ ಕೂರುತ್ತೇನೆ ಅನ್ನುತ್ತಿದ್ದಾಳೆ, ಬಾಯಿಬಿಟ್ಟು ಹೂಂ ಅನ್ನಲಾರದವಳು ಇಷ್ಟು ಹೇಳಿದ್ದಾಳೆ. ಸಿಟ್ಟು ಬಂತು ಜಯದೇವಿಗೆ, ಇಷ್ಟನ್ನು ಹೇಳುವುದಕ್ಕೆ ಎಷ್ಟು ದಿನ ಬೇಕಾಯಿತು ನಮಗೆಲ್ಲ, ಆದರೂ ಎದ್ದಳು, ಕಂಬಿ ಹಿಡಿದಳು, ವಿಜಯನಗರ ಬಂತು.

ಎಸ್ಕಲೇಟರಿನಲ್ಲಿ ಇಳಿಯುತ್ತ ಚೀಲವನ್ನು ಮುಷ್ಟಿಯಲ್ಲೇ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಫೋನು, ಹೆಸರು ತೆಗೆದಳು, ಒತ್ತಲಿಲ್ಲ, ಮನೆಗೆ ಹೋಗಿ ಅವ್ವನ ಮುಖ ನೋಡಿ ಆಮೇಲೆ ಮಾಡಿದರಾಯಿತು, ಕೊಟ್ರೇಶ್‌ಗೂ ಒಂದು ಮಾತು, ಸಂಜೆ ಅಂದರೆ ಸಂಜೆಯೇ ತಾನೇ, ಇನ್ನೂ ಬೆಳಕಿದೆ, ಅನ್ನುತ್ತಿರುವಾಗ ಕೆಳಗೆ ಕಂಡಳು ವಚನಾ, ಟ್ಯೂಷನ್ ಮುಗಿಸಿ ಬಂದು ದಿನವೂ ಕಾಯುವ ಕಂಬದ ಪಕ್ಕ, ಹೂವಿನ ಗಾಡಿಯ ಈಚೆ, ಸುತ್ತ ಯಾರೂ ಇಲ್ಲ, ರಶ್ಶಿಲ್ಲ, ನೂಕುವವರಿಲ್ಲ, ತಾಗುವವರಿಲ್ಲ, ಅಷ್ಟಗಲ ಫುಟ್‌ಪಾತಿನಲ್ಲಿ ಒಬ್ಬಳೇ, ಸ್ಕೂಲ್ ಬ್ಯಾಗನ್ನು ಎದೆಗೆ ಹಾಕಿಕೊಂಡು. ಎರಡೂ ಕೈ ಬ್ಯಾಗಿನ ಸುತ್ತ. ಕತ್ತು ಮುಂದೆ. ಬೆನ್ನು ಗೂನು. ಎಸ್ಕಲೇಟರು ತಾನಾಗಿ ಇಳಿಸುತ್ತಿತ್ತು, ಇಲ್ಲದಿದ್ದರೆ ಜಯದೇವಿ ಅಲ್ಲೇ ನಿಂತುಬಿಡುತ್ತಿದ್ದಳು, ಇದು ತನ್ನ ನಿಲುವು, ರಾಣೆಬೆನ್ನೂರಿನ ಓಣಿಯಲ್ಲಿ ನಿಂತದ್ದು, ಯಾರೂ ಹೇಳಿಕೊಡದೆ ಬಂದುಬಿಟ್ಟಿದೆ. ಕೆಳಗೆ ಬಂದು ಮಗಳ ಎದುರಿಗೆ ನಿಂತೇ ಫೋನ್ ಒತ್ತಿದಳು, ಆಸ್ಪತ್ರೆಯ ಹುಡುಗಿ ಹೇಳಿ ಮೇಡಂ ಅಂದಳು, ನಾನು ಜಯದೇವಿ, ಬ್ರೆಸ್ಟ್ ಆಪರೇಷನ್‌ಗೆ ಕೇಳಿದ್ರಲ್ಲ, ರಜೆಯ ಆ ದಿನ ನನಗೇ ಇಡಿ, ಈ ಸಲ ಬೇಡ ಅನ್ನಲ್ಲ, ಅಂದಳು, ಮೆಲ್ಲಗೆ ಅಲ್ಲ, ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ, ಹೂವಿನವಳು ಮೊಳ ಹಾಕುವುದು ನಿಲ್ಲಿಸಿ ತಲೆಯೆತ್ತಿದಳು, ಎತ್ತಲಿ. ವಚನಾ ನೋಡುತ್ತಿದ್ದಾಳೆ. ಯಾರಿಗಮ್ಮ. ನಂಗೆ ಕಣೇ, ಬೆನ್ನುನೋವು ಹೋಗೋದಕ್ಕೆ, ಎದೆ ಭಾರ ಕಮ್ಮಿ ಮಾಡಿಸ್ಕೊತೀನಿ, ಮನೇಲಿ ಎಲ್ಲ ಹೇಳ್ತೀನಿ, ನೀನು ಕೇಳಿದ್ದಕ್ಕೂ ಹೇಳ್ತೀನಿ. ವಚನಾ ಸುತ್ತ ಒಮ್ಮೆ ನೋಡಿದಳು, ಯಾರಾದರೂ ಕೇಳಿಸಿಕೊಂಡರೋ ಎಂದು. ಬ್ಯಾಗ್ ಕೊಡು, ನಾನು ಹಿಡ್ಕೊತೀನಿ, ಕೈ ಚಾಚಿದಳು ಜಯದೇವಿ, ಚಾಚಿದ ಕೈಯಲ್ಲಿ ಬಿಳಿ ಚೀಲ. ಬೇಡಮ್ಮ, ಇರ್ಲಿ. ಭಾರ ಇಲ್ವೇನೇ. ಇರ್ಲಿ ಅಮ್ಮ, ಅಭ್ಯಾಸ ಆಗಿದೆ. ಅಂದು ಬ್ಯಾಗನ್ನು ಇನ್ನಷ್ಟು ಒತ್ತಿ ಹಿಡಿದು, ಬಸ್ ಸ್ಟಾಪಿನ ಕಡೆ ಹೆಜ್ಜೆ ಹಾಕಿದಳು, ಜಯದೇವಿ ಹಿಂದೆ, ಬಸ್ಸು, ಗಾಡಿ, ಹೂವು, ಏನೂ ಕಣ್ಣಿಗೆ ಬೀಳುತ್ತಿಲ್ಲ, ಅಭ್ಯಾಸ ಆಗಿದೆ ಅಂದಳಲ್ಲ, ಹದಿನಾಲ್ಕು ವರ್ಷದವಳು, ಅಭ್ಯಾಸ, ಮುಂದೆ ಒಂದು ಸಣ್ಣ ಗೂನು ಬೆನ್ನು, ಆ ಬೆನ್ನಿನ ಮೇಲೆ ಎರಡು ಪಟ್ಟಿ, ಬರೀ ಪಟ್ಟಿ, ಬ್ಯಾಗು ಆ ಕಡೆ, ಎದೆಯ ಮೇಲೆ, ರಶ್ಶಿಲ್ಲದ ಫುಟ್‌ಪಾತಿನಲ್ಲಿ, ಎದೆಯ ಮೇಲೆ ಬ್ಯಾಗು.